ರೋಗಿಯ ಗುಟ್ಟು ಕಾಯುವ ವಕೀಲಿಕೆ: ಕಾಸರಗೋಡಿನ ಕ್ಲಿನಿಕ್, ಲ್ಯಾಬ್‌ಗಳಿಗೆ ಸಲಹೆ ಕೊಡುವ ಬಗೆ

ಬದಿಯಡ್ಕದಲ್ಲೋ ಉಪ್ಪಳದಲ್ಲೋ ಒಬ್ಬರು ಬೆಳಿಗ್ಗೆ ಲ್ಯಾಬ್‌ಗೆ ಹೋಗಿ ರಕ್ತ ಕೊಡುತ್ತಾರೆ ಅಂದುಕೊಳ್ಳಿ. ಸಂಜೆಯ ಹೊತ್ತಿಗೆ ಅವರ ರಿಪೋರ್ಟ್ ಎಲ್ಲೆಲ್ಲಿ ಇರುತ್ತದೆ? ಲ್ಯಾಬ್‌ನ ಕಂಪ್ಯೂಟರಿನಲ್ಲಿ ಇರುತ್ತದೆ. ರಿಪೋರ್ಟ್ ಕಳಿಸಿದ ಹುಡುಗಿಯ ಫೋನಿನಲ್ಲಿ, ಡಾಕ್ಟರ ವಾಟ್ಸಾಪಿನಲ್ಲಿ, ಮಗನ ಫೋನಿನಲ್ಲಿ, ಗಲ್ಫಿನಲ್ಲಿರುವ ಅಳಿಯನ ಫೋನಿನಲ್ಲೂ ಇರುತ್ತದೆ. ಸಾಫ್ಟ್‌ವೇರ್ ಕಂಪನಿಯ ಸರ್ವರಿನಲ್ಲಿ ಇನ್ನೊಂದು ಪ್ರತಿ. ಇಷ್ಟರಲ್ಲಿ ಯಾವುದಕ್ಕೆ ಅವರು ಒಪ್ಪಿದ್ದರು, ಯಾವುದಕ್ಕೆ ಇಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕಿ ಕೊಡುವುದೇ ನಮ್ಮ ಕೆಲಸ.

ಕಾಸರಗೋಡು, ಮಂಜೇಶ್ವರ ಕಡೆ ವಕೀಲಿಕೆ ಮಾಡುವ ಕಿರಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕ್ಲಿನಿಕ್ ನಡೆಸುವವರು ಓದಿದರೂ ಉಪಯೋಗ ಆದೀತು. ದೊಡ್ಡ ಆಸ್ಪತ್ರೆಗಳಿಗೆ ಬೆಂಗಳೂರು, ಕೊಚ್ಚಿಯ ದೊಡ್ಡ ವಕೀಲರು ಸಿಗುತ್ತಾರೆ. ನಾಲ್ಕು ಜನ ಕೆಲಸದವರಿರುವ ಲ್ಯಾಬ್‌ಗೆ ಸಿಗುವುದು ನಾವೇ. ನಮ್ಮ ಊರಿನವರ ಗುಟ್ಟು ಇರುವುದೂ ಅಂಥ ಲ್ಯಾಬ್‌ಗಳಲ್ಲೇ.

ಮೊದಲು ರಿಪೋರ್ಟಿನ ಬೆನ್ನು ಹತ್ತಿ

ಕಕ್ಷಿದಾರರು ಕರೆದ ಕೂಡಲೇ ಕಾಯಿದೆ ಪುಸ್ತಕ ತೆಗೆಯಬೇಡಿ. ಒಂದು ದಿನ ಹೋಗಿ ಕೌಂಟರ್ ಪಕ್ಕ ಕುಳಿತುಕೊಳ್ಳಿ. ಒಬ್ಬ ರೋಗಿ ಹೆಸರು ಹೇಳಿದಾಗಿನಿಂದ ರಿಪೋರ್ಟ್ ಕೈಗೆ ಬರುವವರೆಗೆ ಆ ಮಾಹಿತಿ ಎಲ್ಲೆಲ್ಲಿ ಹೋಗುತ್ತದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ರಿಜಿಸ್ಟರ್, ಬಿಲ್ಲಿಂಗ್ ಸಾಫ್ಟ್‌ವೇರ್, ಪರೀಕ್ಷೆಯ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರ್, ಮಂಗಳೂರಿಗೆ ಕಳಿಸುವ ಸ್ಯಾಂಪಲ್, ಸ್ಕ್ಯಾನ್ ಓದಿ ಹೇಳುವ ದೂರದ ಡಾಕ್ಟರು, ಇನ್ಶೂರೆನ್ಸ್ ಕಾಗದ, ಸರಕಾರಕ್ಕೆ ಕೊಡಬೇಕಾದ ಟಿಬಿಯಂಥ ರೋಗಗಳ ಮಾಹಿತಿ.

ಪ್ರತಿ ಜಾಗದಲ್ಲೂ ಮೂರು ಪ್ರಶ್ನೆ ಕೇಳಿ. ಇದನ್ನು ಯಾರು ನೋಡಬಹುದು? ಎಷ್ಟು ದಿನ ಇಲ್ಲಿ ಇರುತ್ತದೆ? ಇಲ್ಲಿ ಇರಲೇಬೇಕಾ? ಮೂರನೆಯದಕ್ಕೆ ಜಾಸ್ತಿ ಸಲ ಸಿಗುವ ಉತ್ತರ "ಸುಮ್ನೆ ಇಟ್ಟಿದ್ದೇವೆ" ಅಂತ. ಸುಮ್ನೆ ಇಟ್ಟದ್ದನ್ನೆಲ್ಲ ತೆಗೆಸಿದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಸಂಗ್ರಹಿಸದ ಮಾಹಿತಿ ಸೋರುವುದಿಲ್ಲ.

ಕೌಂಟರಿನಲ್ಲಿ ಕಿವಿಯನ್ನೂ ತೆರೆದಿಡಿ. "ಅಕ್ಕಾ, ನಿಮ್ಮ ಪ್ರೆಗ್ನೆನ್ಸಿ ರಿಪೋರ್ಟ್ ಆಗಿದೆ" ಅಂತ ಹತ್ತು ಜನರ ಎದುರು ಕೂಗುವುದೂ ಸೋರಿಕೆಯೇ. ಅದಕ್ಕೆ ಹ್ಯಾಕರ್ ಬೇಕಾಗಿಲ್ಲ. ಟೋಕನ್ ನಂಬರ್ ಕರೆದರೆ ಮುಗಿಯಿತು, ಪರೀಕ್ಷೆಯ ಹೆಸರು ಹೇಳಬೇಕಾಗಿಲ್ಲ.

ಯಾವ ಕಾನೂನು ಈಗ, ಯಾವುದು ಮುಂದೆ

ಇಲ್ಲಿ ತುಂಬ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯಿದೆ 2023ರಲ್ಲಿ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಡೇಟಾ ಸಂರಕ್ಷಣಾ ಮಂಡಳಿಗೆ ಸಂಬಂಧಪಟ್ಟ ಭಾಗ ಆಗಲೇ ಜಾರಿಗೆ ಬಂತು. ಆದರೆ ಆಸ್ಪತ್ರೆ, ಲ್ಯಾಬ್‌ಗಳ ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಅಂದರೆ 2027ರ ಮೇ. ಆಮೇಲೆ ಸುರಕ್ಷತೆಯ ಕ್ರಮ ತೆಗೆದುಕೊಳ್ಳದೆ ಮಾಹಿತಿ ಸೋರಿದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಸಣ್ಣ ಲ್ಯಾಬ್‌ಗೆ ಅಷ್ಟು ಹಾಕುತ್ತಾರೆ ಅಂತ ಹೆದರಿಸಬೇಡಿ. ತಪ್ಪಿನ ಗಾತ್ರ, ಮಾಹಿತಿಯ ಬಗೆ, ಸರಿಪಡಿಸಲು ಮಾಡಿದ ಪ್ರಯತ್ನ ಎಲ್ಲವನ್ನೂ ಮಂಡಳಿ ನೋಡಬೇಕು ಅಂತ ಕಾಯಿದೆಯೇ ಹೇಳುತ್ತದೆ.

ಅಲ್ಲಿಯವರೆಗೆ ಏನೂ ಇಲ್ಲ ಅಂತಲ್ಲ. ಸೂಕ್ಷ್ಮ ಮಾಹಿತಿ ಸೋರಿದರೆ ಪರಿಹಾರ ಕೊಡಿಸುವ ಮಾಹಿತಿ ತಂತ್ರಜ್ಞಾನ ಕಾಯಿದೆ 2000ರ 43ಎ ಕಲಂ ಇದೆ. ಅದರಡಿ 2011ರ ನಿಯಮಗಳು ವೈದ್ಯಕೀಯ ದಾಖಲೆ, ದೇಹ ಮತ್ತು ಮನಸ್ಸಿನ ಆರೋಗ್ಯದ ವಿವರಗಳನ್ನು ಸೂಕ್ಷ್ಮ ಮಾಹಿತಿ ಅಂತ ಕರೆಯುತ್ತವೆ. ಒಬ್ಬರೇ ನಡೆಸುವ ಲ್ಯಾಬ್‌ಗೂ 43ಎ ಅನ್ವಯಿಸುತ್ತದೆ. "ನಮ್ಮದು ಕಂಪನಿ ಅಲ್ಲ ಡಾಕ್ಟ್ರೇ, ನಮಗೆ ಅದೆಲ್ಲ ಬರುವುದಿಲ್ಲ" ಅಂತ ಯಾರಾದರೂ ಸಮಾಧಾನ ಹೇಳಿದ್ದರೆ ಅದನ್ನು ತಿದ್ದಿ.

ಹೊಸ ಕಾಯಿದೆ ಡಿಜಿಟಲ್ ಮಾಹಿತಿಗೆ ಮತ್ತು ಕಾಗದದಿಂದ ಡಿಜಿಟಲ್‌ಗೆ ಏರಿಸಿದ ಮಾಹಿತಿಗೆ ಮಾತ್ರ. ಹಾಗಾದರೆ ಕಾಗದದ ರಿಜಿಸ್ಟರ್ ಬಿಟ್ಟುಬಿಡಬಹುದಾ? ಇಲ್ಲ. ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳು ರೋಗಿಯ ಗುಟ್ಟು ಕಾಯಬೇಕು ಅನ್ನುತ್ತವೆ. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತಲೂ ಹೇಳುತ್ತವೆ. ಇದರ ಜೊತೆ ಎಚ್‌ಐವಿ ಕಾಯಿದೆ 2017, ಮಾನಸಿಕ ಆರೋಗ್ಯ ಕಾಯಿದೆ 2017, ಗರ್ಭಪಾತದ ಕಾಯಿದೆಯ 5ಎ ಕಲಂ. ಈ ಮೂರನ್ನಂತೂ ಓದಿಕೊಂಡೇ ಹೋಗಿ, ನೆನಪಿನ ಮೇಲೆ ಸಲಹೆ ಕೊಡಬೇಡಿ.

ಒಪ್ಪಿಗೆ ಯಾವ ಭಾಷೆಯಲ್ಲಿ?

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು. ನಮ್ಮ ಜಿಲ್ಲೆಯಲ್ಲಿ ಮನೆಯಲ್ಲಿ ತುಳು, ಬ್ಯಾರಿ, ಹವ್ಯಕ, ಕೊಂಕಣಿ, ಮರಾಠಿ ಮಾತಾಡುವವರಿದ್ದಾರೆ. ಕಲಿತದ್ದು ಕನ್ನಡ ಶಾಲೆಯಲ್ಲಿ. ಆಸ್ಪತ್ರೆಯಲ್ಲಿ ಸಹಿ ಹಾಕುವ ಕಾಗದ ಇಂಗ್ಲಿಷಿನಲ್ಲಿ ಅಥವಾ ಮಲಯಾಳದಲ್ಲಿ. ಎಣ್ಮಕಜೆಯ ಒಬ್ಬ ಅಜ್ಜಿ "ಎಲ್ಲಿ ಮಗಾ ಸೈನು?" ಅಂತ ಕೇಳಿ, ತೋರಿಸಿದ ಕಡೆ ಸಹಿ ಹಾಕುತ್ತಾರೆ. ಅದನ್ನು ಒಪ್ಪಿಗೆ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಹೊಸ ಕಾನೂನಿಗೂ ಅದು ಸಾಲುವುದಿಲ್ಲ.

2023ರ ಕಾಯಿದೆಯ 5 ಮತ್ತು 6ನೇ ಕಲಂ ಪ್ರಕಾರ ಮಾಹಿತಿಯ ತಿಳಿವಳಿಕೆಪತ್ರವನ್ನೂ ಒಪ್ಪಿಗೆಯ ಕೋರಿಕೆಯನ್ನೂ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ರೋಗಿಗೆ ಇರಬೇಕು. ಅಂದರೆ 2027ರ ಮೇಯಲ್ಲಿ ಈ ಕಲಂಗಳು ಜಾರಿಯಾದ ಮೇಲೆ ಕೇರಳದ ಆಸ್ಪತ್ರೆಯಲ್ಲಿ ಕನ್ನಡದಲ್ಲಿ ಕೇಳುವುದು ಹಕ್ಕು. ಯಾರೂ ಕೊಡುವ ಸೌಜನ್ಯ ಅಲ್ಲ. ಅದೇ ರೀತಿ ದೇರಳಕಟ್ಟೆಯ ಆಸ್ಪತ್ರೆಗೆ ಹೋದ ಕಾಞಂಗಾಡಿನವರು ಮಲಯಾಳದಲ್ಲಿ ಕೇಳಬಹುದು. ತುಳು ಮತ್ತು ಬ್ಯಾರಿ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಅವರಿಗೆ ಬಾಯಲ್ಲಿ ಹೇಳುವ ಕ್ರಮ ನೀವೇ ಮಾಡಿಸಬೇಕು. ಯಾರು, ಯಾವ ಭಾಷೆಯಲ್ಲಿ ಓದಿ ಹೇಳಿದರು ಅಂತ ಫಾರಂ ಕೊನೆಯಲ್ಲಿ ಒಂದು ಸಾಲು ಇರಲಿ.

ತಿಳಿವಳಿಕೆಪತ್ರ ಬರೆಯುವಾಗ ಸರಕಾರಿ ಕನ್ನಡ ಬೇಡ. ನಾನು ಬರೆಯುವ ಮಾದರಿ ಸುಮಾರು ಹೀಗಿರುತ್ತದೆ:

"ನಿಮ್ಮ ಹೆಸರು, ವಯಸ್ಸು, ಫೋನ್ ನಂಬರ್, ಪರೀಕ್ಷೆಯ ಫಲಿತಾಂಶ ನಮ್ಮ ಕಂಪ್ಯೂಟರಿನಲ್ಲಿ ಇರುತ್ತದೆ. ಪರೀಕ್ಷೆ ಮಾಡಿ ರಿಪೋರ್ಟ್ ಕೊಡುವುದಕ್ಕೆ ಮಾತ್ರ ಇದನ್ನು ಬಳಸುತ್ತೇವೆ. ಕೆಲವು ಪರೀಕ್ಷೆಗಳಿಗೆ ಸ್ಯಾಂಪಲನ್ನು ಹೊರಗಿನ ಲ್ಯಾಬ್‌ಗೆ ಕಳಿಸುತ್ತೇವೆ. ಕಾನೂನು ಹೇಳಿದ ರೋಗಗಳ ಮಾಹಿತಿಯನ್ನು ಸರಕಾರಕ್ಕೆ ಕೊಡಬೇಕಾಗುತ್ತದೆ. ರಿಪೋರ್ಟನ್ನು ವಾಟ್ಸಾಪಿನಲ್ಲಿ ಕಳಿಸಬೇಕಾ? ಹೌದು / ಬೇಡ. ಯಾವ ನಂಬರಿಗೆ? ನಿಮ್ಮ ಪರವಾಗಿ ಬೇರೆಯವರು ರಿಪೋರ್ಟ್ ತೆಗೆದುಕೊಂಡು ಹೋಗಬಹುದಾ? ಯಾರು? ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ವಾಪಸ್ ತೆಗೆದುಕೊಳ್ಳಬಹುದು. ದೂರು ಇದ್ದರೆ ಈ ನಂಬರಿಗೆ ಹೇಳಿ."

ಇದರಲ್ಲಿ ಎರಡು ಆಯ್ಕೆ ಬೇರೆ ಬೇರೆ ಇರುವುದು ಗಮನಿಸಿ. ಪರೀಕ್ಷೆಗೆ ಒಪ್ಪಿದವರು ವಾಟ್ಸಾಪಿಗೆ ಒಪ್ಪಬೇಕೆಂದಿಲ್ಲ. "ಆಫರ್ ಮೆಸೇಜ್ ಕಳಿಸುತ್ತೇವೆ" ಅನ್ನುವ ಸಾಲನ್ನು ಇದರೊಳಗೆ ತುರುಕಿದರೆ ಅದನ್ನು ಹೊಡೆದುಹಾಕಿ, ಬೇಕಿದ್ದರೆ ಬೇರೆ ಕೇಳಲಿ.

ಜೀವಕ್ಕೆ ಅಪಾಯ ಇರುವ ತುರ್ತಿನಲ್ಲಿ ಒಪ್ಪಿಗೆಗೆ ಕಾಯಬೇಕಾಗಿಲ್ಲ, 7ನೇ ಕಲಂ ಅದಕ್ಕೆ ಅವಕಾಶ ಕೊಟ್ಟಿದೆ. ಇದನ್ನು ಸಿಬ್ಬಂದಿಗೆ ಸ್ಪಷ್ಟವಾಗಿ ಹೇಳಿ. ಫಾರಂ ತುಂಬಿಲ್ಲ ಅಂತ ಹಾವು ಕಡಿದವರನ್ನು ನಿಲ್ಲಿಸಿಕೊಳ್ಳಬಾರದು ಅಲ್ವಾ?

ಫೋನ್, ಪಾಸ್‌ವರ್ಡ್, ಸಾಫ್ಟ್‌ವೇರ್

ವಾಟ್ಸಾಪ್ ಬಿಟ್ಟುಬಿಡಿ ಅಂದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಹೀಗೆ ಮಾಡಿಸಿ: ಸಂಸ್ಥೆಯದ್ದೇ ಒಂದು ಫೋನ್, ಸಂಸ್ಥೆಯದ್ದೇ ನಂಬರ್. ಸಿಬ್ಬಂದಿಯ ಸ್ವಂತ ಫೋನಿನಿಂದ ರಿಪೋರ್ಟ್ ಕಳಿಸಬಾರದು. ಪಿಡಿಎಫ್‌ಗೆ ಪಾಸ್‌ವರ್ಡ್ ಇರಲಿ, ಆದರೆ ಆ ಪಾಸ್‌ವರ್ಡ್ ಅದೇ ಫೋನ್ ನಂಬರ್ ಆಗಿರಬಾರದು. ಫೋಟೋಗಳು ಗ್ಯಾಲರಿಗೆ ತನ್ನಿಂತಾನೇ ಇಳಿಯದಂತೆ ಸೆಟ್ಟಿಂಗ್ ಬದಲಿಸಿ. ಎರಡು ಹಂತದ ಪರಿಶೀಲನೆ ಹಾಕಿ. ಎಚ್‌ಐವಿ, ಗರ್ಭ, ಮಾನಸಿಕ ಆರೋಗ್ಯದ ರಿಪೋರ್ಟ್ ಫೋನಿನಲ್ಲಿ ಹೋಗಲೇ ಬಾರದು, ಕೈಗೇ ಕೊಡಬೇಕು.

ಕಂಪ್ಯೂಟರಿನಲ್ಲಿ ಎಲ್ಲರಿಗೂ ಒಂದೇ ಲಾಗಿನ್ ಇದ್ದರೆ ಯಾರು ನೋಡಿದರು ಅಂತ ಮುಂದೆ ಹೇಳಲು ಸಾಧ್ಯವೇ ಇಲ್ಲ. ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಕೊಡಿಸಿ, ಕೆಲಸ ಬಿಟ್ಟವರದ್ದು ಅದೇ ದಿನ ಮುಚ್ಚಿಸಿ. ಹೊಸ ನಿಯಮಗಳ ಪ್ರಕಾರ ಲಾಗ್‌ಗಳನ್ನು, ಅಂದರೆ ಯಾರು ಯಾವಾಗ ಏನು ನೋಡಿದರು ಅನ್ನುವ ದಾಖಲೆಯನ್ನು, ಕನಿಷ್ಠ ಒಂದು ವರ್ಷ ಇಡಬೇಕು. ಬ್ಯಾಕಪ್‌ನ ಒಂದು ಪ್ರತಿ ಕಂಪ್ಯೂಟರಿಗೆ ಜೋಡಿಸದೆ ಬೇರೆ ಇರಬೇಕು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ದಾಳಿ ಆದಾಗ ದಿನಗಟ್ಟಲೆ ಕೈಯಲ್ಲಿ ಬರೆದು ಕೆಲಸ ಸಾಗಿಸಬೇಕಾಯಿತು. ಅಂಥ ಸಂಸ್ಥೆಗೇ ಹಾಗಾದರೆ ಸಣ್ಣವರು ತಯಾರಿರಲೇಬೇಕು.

ಸಾಫ್ಟ್‌ವೇರ್ ಕಂಪನಿಯ ಜೊತೆ ಕರಾರು ಇದೆಯಾ ಅಂತ ಕೇಳಿ. ಹೆಚ್ಚಿನ ಕಡೆ ಬಿಲ್ ಮಾತ್ರ ಇರುತ್ತದೆ. 2023ರ ಕಾಯಿದೆಯಲ್ಲಿ ಕರಾರು ಇಲ್ಲದೆ ಬೇರೆಯವರ ಕೈಗೆ ಮಾಹಿತಿ ಕೊಡುವಂತಿಲ್ಲ, ಅವರು ಮಾಡಿದ ತಪ್ಪಿಗೂ ಲ್ಯಾಬ್‌ನವರೇ ಹೊಣೆ. ಎರಡು ಪುಟದ ಕರಾರು ಸಾಕು. ಮಾಹಿತಿಯನ್ನು ಬೇರೆ ಯಾವುದಕ್ಕೂ ಬಳಸಬಾರದು, ಸೋರಿದರೆ ಗೊತ್ತಾದ ಕೂಡಲೇ ತಿಳಿಸಬೇಕು, ಕರಾರು ಮುಗಿದಾಗ ಎಲ್ಲವನ್ನೂ ಕೊಟ್ಟು ಅಳಿಸಬೇಕು, ರಿಪೇರಿಗೆ ದೂರದಿಂದ ಕಂಪ್ಯೂಟರಿಗೆ ಬರುವಾಗ ಇಲ್ಲಿಯವರು ಯಾರಾದರೂ ಎದುರಿಗೆ ಕುಳಿತಿರಬೇಕು. ಈ ನಾಲ್ಕು ಇರಲಿ.

ಕೇಳಿಕೊಂಡು ಬರುವವರು

ದಿನನಿತ್ಯ ತೊಂದರೆ ಬರುವುದು ಇಲ್ಲಿ. ಹುಡುಗನ ಕಡೆಯವರು ಹುಡುಗಿಯ ರಿಪೋರ್ಟ್ ಬಗ್ಗೆ "ಏನಾದರೂ ಉಂಟಾ?" ಅಂತ ಗುರುತಿನ ಕಂಪೌಂಡರನ್ನು ಕೇಳುತ್ತಾರೆ. ಗಲ್ಫಿಗೆ ಕಳಿಸುವ ಏಜೆಂಟ್ ಮೆಡಿಕಲ್ ಫಲಿತಾಂಶವನ್ನು ತನಗೇ ಕಳಿಸಿ ಅನ್ನುತ್ತಾನೆ. ಗಂಡ ಹೆಂಡತಿಯದ್ದನ್ನು, ಮಾವ ಸೊಸೆಯದ್ದನ್ನು ಕೇಳುತ್ತಾರೆ. ಊರು ಸಣ್ಣದು, ಎಲ್ಲರೂ ಪರಿಚಯದವರು. "ಇಲ್ಲ" ಅನ್ನುವುದು ಕೌಂಟರಿನ ಹುಡುಗಿಗೆ ಕಷ್ಟ. ಅದಕ್ಕೆ ಅವಳ ಪರವಾಗಿ "ಇಲ್ಲ" ಅನ್ನುವ ಒಂದು ಬೋರ್ಡ್ ಹಾಕಿಸಿ: "ರೋಗಿಯ ಒಪ್ಪಿಗೆ ಇಲ್ಲದೆ ರಿಪೋರ್ಟ್ ಯಾರಿಗೂ ಕೊಡುವುದಿಲ್ಲ. ಮನೆಯವರಿಗೂ ಇಲ್ಲ." ಕನ್ನಡ, ಮಲಯಾಳ ಎರಡರಲ್ಲೂ. ಹೇಳಬೇಕಾದ ಮಾತನ್ನೂ ಕಲಿಸಿ: "ಅಣ್ಣಾ, ಅವರನ್ನೇ ಕರ್ಕೊಂಡು ಬನ್ನಿ, ಇಲ್ಲದಿದ್ದರೆ ಅವರ ಹತ್ರ ಬರೆಸಿಕೊಂಡು ಬನ್ನಿ."

ಎಚ್‌ಐವಿ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಲಿಖಿತ ಒಪ್ಪಿಗೆ ಇಲ್ಲದೆ ಯಾರ ಸ್ಥಿತಿಯನ್ನೂ ಹೊರಗೆ ಹೇಳುವಂತಿಲ್ಲ. ಸಂಗಾತಿಗೆ ತಿಳಿಸಲು ಕಾಯಿದೆಯೇ ಒಂದು ದಾರಿ ಹೇಳಿದೆ. ಅದು ವೈದ್ಯರು ಅಥವಾ ಆಪ್ತ ಸಲಹೆಗಾರರ ಮೂಲಕ, ಸಮಾಲೋಚನೆಯ ನಂತರ. ಕೌಂಟರಿನ ಮೂಲಕ ಅಲ್ಲವೇ ಅಲ್ಲ.

ಪೊಲೀಸರು ಬಂದರೆ? ಗೌರವದಿಂದ ಕೂರಿಸಿ, ಲಿಖಿತ ಆದೇಶ ಕೇಳಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂನಲ್ಲಿ ಠಾಣೆಯ ಮುಖ್ಯಸ್ಥರು ಲಿಖಿತ ಆದೇಶ ಕೊಟ್ಟು ದಾಖಲೆ ತರಿಸಿಕೊಳ್ಳಬಹುದು. ಏನು ಬೇಕು ಅಂತ ಅದರಲ್ಲಿದೆಯೋ ಅಷ್ಟನ್ನೇ ಕೊಡಿ, ಪೂರ್ತಿ ಫೈಲ್ ಅಲ್ಲ. ಕೊಟ್ಟದ್ದಕ್ಕೆ ರಶೀದಿ ಪಡೆಯಿರಿ. ಫೋನಿನಲ್ಲಿ "ಸ್ಟೇಷನ್‌ನಿಂದ ಮಾತಾಡುವುದು" ಅಂದವರಿಗೆ ಏನೂ ಹೇಳಬಾರದು. ಆ ಧ್ವನಿ ಯಾರದ್ದು ಅಂತ ಯಾರಿಗೆ ಗೊತ್ತು?

ರೋಗಿಗೇ ದಾಖಲೆ ಸಿಗದಂತೆ ಮಾಡಬೇಡಿ

ಗುಟ್ಟು ಕಾಯುವ ಹೆಸರಿನಲ್ಲಿ ರೋಗಿಯಿಂದಲೇ ದಾಖಲೆ ಬಚ್ಚಿಡುವ ಆಸ್ಪತ್ರೆಗಳೂ ಇವೆ. ಕಾಸರಗೋಡಿನಲ್ಲಿ ಅದರ ಬೆಲೆ ಏನು ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಎಂಡೋಸಲ್ಫಾನ್ ಸಂತ್ರಸ್ತರ ಮನೆಗಳಿಗೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸಿದ ಊರುಗಳವು. ಪ್ರತಿಯೊಬ್ಬರಿಗೂ 5 ಲಕ್ಷ ರೂಪಾಯಿ ಕೊಡಿ ಅಂತ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿತು. ಐದು ವರ್ಷ ಆದ ಮೇಲೆ, 2022ರಲ್ಲಿ, 3,704 ಜನರಲ್ಲಿ 8 ಮಂದಿಗೆ ಮಾತ್ರ ಹಣ ಸಿಕ್ಕಿದೆ ಅನ್ನುವುದು ಅದೇ ಕೋರ್ಟಿನ ಮುಂದೆ ಬಂತು. ಪಟ್ಟಿಯಲ್ಲಿ ಹೆಸರು ಸೇರಬೇಕಾದರೆ, ಪರಿಹಾರ ಕೇಳಬೇಕಾದರೆ ಆಸ್ಪತ್ರೆಯ ಕಾಗದ ಬೇಕು. ಹತ್ತು ವರ್ಷ ಹಿಂದಿನ ಒಂದು ಡಿಸ್ಚಾರ್ಜ್ ಚೀಟಿ ಒಂದು ಮನೆಯ ಬದುಕನ್ನೇ ನಿರ್ಧರಿಸಬಹುದು.

ಹಾಗಾಗಿ ಕನಿಷ್ಠ ಅವಧಿ ಅಷ್ಟೇ ಅಂತ 3 ವರ್ಷಕ್ಕೆ ಎಲ್ಲ ನಾಶ ಮಾಡಿ ಅಂತ ಸಲಹೆ ಕೊಡುವ ಮೊದಲು ಯೋಚಿಸಿ. ಅಂಗವಿಕಲತೆ, ಹುಟ್ಟಿನಿಂದ ಬಂದ ತೊಂದರೆ, ಕ್ಯಾನ್ಸರ್, ಕೋರ್ಟಿನಲ್ಲಿರುವ ಪ್ರಕರಣ ಇವುಗಳ ದಾಖಲೆ ನಾಶ ಮಾಡುವ ಮೊದಲು ರೋಗಿಗೆ ಒಂದು ಪ್ರತಿ ಕೊಡುವ ಕ್ರಮ ಬರೆದಿಡಿ.

ಅದೇ ಮನೆಗಳ ಮಕ್ಕಳ ಫೋಟೋಗಳು ಇನ್ನೊಂದು ನೋವಿನ ವಿಷಯ. ಅವು ಲೋಕದ ಕಣ್ಣು ತೆರೆಸಿದವು, ಹೋರಾಟಕ್ಕೆ ಬಲ ಕೊಟ್ಟವು, ನಿಜ. ಆದರೆ ಆ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ವೈದ್ಯಕೀಯ ಶಿಬಿರ ನಡೆಸುವ ಸಂಘಟನೆಗಳು ನಿಮ್ಮ ಬಳಿ ಬಂದರೆ ಇಷ್ಟು ಹೇಳಿ: ಮುಖ ಕಾಣುವ ಫೋಟೋಗೆ ತಂದೆ ತಾಯಿಯ ಲಿಖಿತ ಒಪ್ಪಿಗೆ ಬೇಕು, ದೊಡ್ಡವರಾದ ಮೇಲೆ ಅವರನ್ನೇ ಕೇಳಬೇಕು, ಫಲಾನುಭವಿಗಳ ಪಟ್ಟಿಯಲ್ಲಿ ಹೆಸರಿನ ಎದುರು ರೋಗ ಬರೆದು ಗೋಡೆಗೆ ಅಂಟಿಸಬಾರದು. ಹೋರಾಟಕ್ಕೂ ಮಾನಕ್ಕೂ ಜಗಳ ಇಲ್ಲ.

ಸೋರಿದ ದಿನ

ಹೀಗೊಂದು ದಿನ ಬರುತ್ತದೆ ಅಂತಲೇ ಮೊದಲೇ ಒಂದು ಪುಟ ಬರೆದು ಗೋಡೆಗೆ ಹಾಕಿಸಿ. ಯಾರಿಗೆ ಫೋನ್ ಮಾಡಬೇಕು ಅನ್ನುವುದು ಅದರ ಮೊದಲ ಸಾಲು.

ಗೊತ್ತಾದ ಕೂಡಲೇ ಆ ಕಂಪ್ಯೂಟರಿನ ನೆಟ್ ತೆಗೆಯಿರಿ. ಫಾರ್ಮ್ಯಾಟ್ ಮಾಡಬೇಡಿ. ಹುಡುಗರು ಗಾಬರಿಯಲ್ಲಿ ಮೊದಲು ಮಾಡುವುದೇ ಅದನ್ನು, ಸಾಕ್ಷಿ ಅಲ್ಲಿಗೇ ಹೋಗುತ್ತದೆ. ಪರದೆಯ ಫೋಟೋ ತೆಗೆಯಿರಿ, ಸಮಯ ಬರೆದಿಡಿ.

ಆರು ಗಂಟೆಯೊಳಗೆ ಕೇಂದ್ರ ಸರಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಹೋಗಬೇಕು. ಇದು 2022ರ ಏಪ್ರಿಲ್ ನಿರ್ದೇಶನದ ನಿಯಮ, ಈಗಲೇ ಜಾರಿಯಲ್ಲಿದೆ. ಎಲ್ಲ ವಿವರ ಸಿಗಲಿ ಅಂತ ಕಾಯಬೇಡಿ, ಗೊತ್ತಿರುವಷ್ಟನ್ನು ಕಳಿಸಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಜಿಲ್ಲೆಯ ಸೈಬರ್ ಪೊಲೀಸ್ ಠಾಣೆಗೆ ದೂರು ಕೊಡಿ.

2027ರ ಮೇ ನಂತರ ಡೇಟಾ ಮಂಡಳಿಗೂ ತಡಮಾಡದೆ ತಿಳಿಸಬೇಕು, 72 ಗಂಟೆಯೊಳಗೆ ಪೂರ್ತಿ ವಿವರ ಕೊಡಬೇಕು. ಪ್ರತಿಯೊಬ್ಬ ರೋಗಿಗೂ ಹೇಳಬೇಕು. ರೋಗಿಗೆ ಹೇಳುವುದನ್ನು ಈಗಿನಿಂದಲೇ ಶುರುಮಾಡಿ ಅನ್ನುತ್ತೇನೆ ನಾನು. ಏನು ಸೋರಿತು, ಯಾವಾಗ, ಅದರಿಂದ ಏನಾಗಬಹುದು, ನಾವೇನು ಮಾಡಿದ್ದೇವೆ, ನೀವೇನು ಮಾಡಬೇಕು, ಯಾರನ್ನು ಕೇಳಬೇಕು. ಇಷ್ಟೇ, ಅವರ ಭಾಷೆಯಲ್ಲಿ. ಮುಚ್ಚಿಟ್ಟರೆ ಮೂರನೆಯವರ ಬಾಯಿಂದ ಗೊತ್ತಾಗುತ್ತದೆ, ಆಗ ಸಿಟ್ಟು ಎರಡರಷ್ಟು.

ರೋಗಿಯ ಪರ ನಿಂತಾಗ

ಕೆಲವೊಮ್ಮೆ ಮಾನ ಹೋದ ರೋಗಿಯೇ ನಿಮ್ಮ ಬಳಿ ಬರುತ್ತಾರೆ. ಮೊದಲು ಸಾಕ್ಷಿ ಉಳಿಸಿ. ಮೆಸೇಜ್ ಅಳಿಸದಿರಲಿ, ಫೋನ್ ಬದಲಿಸದಿರಲಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರಕ್ಕೆ ಹ್ಯಾಶ್ ಮೌಲ್ಯ (ಫೈಲ್ ಬದಲಾಗಿಲ್ಲ ಅಂತ ತೋರಿಸುವ ಗುರುತು) ಬೇಕು, ಎರಡನೇ ಭಾಗಕ್ಕೆ ತಜ್ಞರ ಸಹಿ ಬೇಕು. ಅಂಥವರು ಯಾರು ಅಂತ ಮೊದಲೇ ವಿಚಾರಿಸಿಟ್ಟುಕೊಳ್ಳಿ.

ನಂತರ ಪರಿಹಾರದ ದಾರಿ. ಹೊಸ ಕಾಯಿದೆಯಲ್ಲಿ ಒಂದು ದೊಡ್ಡ ಕೊರತೆ ಇದೆ: ದಂಡದ ಹಣ ಸರಕಾರಕ್ಕೆ ಹೋಗುತ್ತದೆ, ರೋಗಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಪರಿಹಾರ ಕೊಡಿಸುವ 43ಎ ಕಲಂ ಕೂಡ ಆ ಕಾಯಿದೆ ಪೂರ್ತಿ ಜಾರಿಯಾದಾಗ ಹೋಗಲಿದೆ. ಅದು ಇರುವವರೆಗೆ ರಾಜ್ಯದ ಐಟಿ ಕಾರ್ಯದರ್ಶಿಯ ಮುಂದೆ ನ್ಯಾಯನಿರ್ಣಯದ ಅರ್ಜಿ ಹಾಕಬಹುದು, 5 ಕೋಟಿವರೆಗಿನ ಬೇಡಿಕೆಗೆ. ಆಮೇಲೆ ನಮ್ಮವರಿಗೆ ಉಳಿಯುವ ಮುಖ್ಯ ಬಾಗಿಲು ಗ್ರಾಹಕ ಆಯೋಗ. ಗ್ರಾಹಕ ಸಂರಕ್ಷಣಾ ಕಾಯಿದೆ 2019ರ 2(47)ರಲ್ಲಿ, ಗ್ರಾಹಕ ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬೇರೆಯವರಿಗೆ ಹೇಳುವುದು ಅನುಚಿತ ವ್ಯಾಪಾರ ಪದ್ಧತಿ ಅಂತ ಬರೆದಿದೆ. ಈ ಸಾಲನ್ನು ಬಳಸುವ ವಕೀಲರು ಇನ್ನೂ ಜಾಸ್ತಿ ಆಗಬೇಕು.

ಗಡಿನಾಡಿನವರಿಗೆ ಇದರಲ್ಲಿ ಇನ್ನೊಂದು ಅನುಕೂಲ. ಚಿಕಿತ್ಸೆ ತಲಪಾಡಿಯ ಆಚೆ ಮಂಗಳೂರಿನಲ್ಲಿ ಆಗಿದ್ದರೂ, ದೂರುದಾರರು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು ಅಂತ ಅದೇ ಗ್ರಾಹಕ ಕಾಯಿದೆಯ 34ನೇ ಕಲಂ ಹೇಳುತ್ತದೆ. ಕೆಲಸ ಬಿಟ್ಟು ಬಸ್ಸು ಹತ್ತಿ ಇನ್ನೊಂದು ರಾಜ್ಯದ ಕೋರ್ಟಿಗೆ ಅಲೆಯಬೇಕಾಗಿಲ್ಲ. ಕೊಟ್ಟ ಬಿಲ್ 5 ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ. ಗಡುವು 2 ವರ್ಷ. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಸರಕಾರಿ ಆಸ್ಪತ್ರೆಗೆ ಮಾತ್ರ ಈ ದಾರಿ ಇಲ್ಲ.

ವೈದ್ಯರ ಮೇಲೆ ದೂರು ಇದ್ದರೆ ಅವರು ನೋಂದಾಯಿಸಿದ ರಾಜ್ಯದ ವೈದ್ಯಕೀಯ ಮಂಡಳಿಗೆ ಹೋಗಬೇಕು. ಪೊಲೀಸ್ ದೂರಿಗೆ ಗಡಿ ಅಡ್ಡಿಯಾಗುವುದಿಲ್ಲ. ಘಟನೆ ಎಲ್ಲೇ ನಡೆದಿರಲಿ, ಹತ್ತಿರದ ಠಾಣೆ ಝೀರೋ ಎಫ್‌ಐಆರ್ ತೆಗೆದುಕೊಳ್ಳಬೇಕು. ಕೇಸಿನ ಕಾಗದಗಳಲ್ಲಿ ರೋಗಿಯ ಹೆಸರು ಬರಬಾರದು ಅನ್ನುವ ಅರ್ಜಿಯನ್ನು ಮೊದಲ ದಿನವೇ ಹಾಕಿ. ಎಚ್‌ಐವಿ ಪ್ರಕರಣಗಳಲ್ಲಿ ಗುರುತು ಮರೆಮಾಡಲು ಎಚ್‌ಐವಿ ಕಾಯಿದೆಯ 34ನೇ ಕಲಂನಲ್ಲೇ ಅವಕಾಶ ಇದೆ. ಉಳಿದವುಗಳಲ್ಲಿ, ಖಾಸಗಿತನ ಮೂಲಭೂತ ಹಕ್ಕು ಅಂದ ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪನ್ನು ಮುಂದಿಟ್ಟು ಕೇಳಬೇಕು. ಹೆಸರು ಒಮ್ಮೆ ಆದೇಶದಲ್ಲಿ ಬಂದು ಕೋರ್ಟಿನ ವೆಬ್‌ಸೈಟಿಗೆ ಏರಿದರೆ ಇಳಿಸುವುದಕ್ಕೆ ಮತ್ತೊಂದು ಕೇಸು ಬೇಕಾಗುತ್ತದೆ.